ಮುಟ್ಟಿದಿ ಅಂತ ತಿಳಿ

ದೋಹಾದಲ್ಲಿ ಹಿಮ ಸುರಿಸುವ ಕೆಲಸ ನನ್ನ ತಲೆಗೆ ಬಂದದ್ದು ಮಗಳಿಂದ. ಅವಳ ಶಾಲೆಯ ಪಾಠವೊಂದರಲ್ಲಿ ಉತ್ತರದ ತುದಿಯ ಹಿಮದ ನಾಡಿನ ಕಥೆ ಇತ್ತು. ಅಲ್ಲಿಯ ಹೊಳೆಯಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಹಬ್ಬಿದ್ದೇ ತಡ, ಜನ ಮನೆಮಠ ಬಿಟ್ಟು ಓಡಿದರಂತೆ. ದಾರಿಯುದ್ದಕ್ಕೂ ಅವರಿಗೆ ಸುಳ್ಳು ನಕ್ಷೆ ಮಾರಿ ಮೋಸಗಾರರು ದುಂಡಗಾದರಂತೆ. ಕಣಿವೆಯ ಬಾಯಲ್ಲಿ ಮಾತ್ರ ಪೊಲೀಸರು ನಿಂತು, ಒಂದು ವರ್ಷಕ್ಕಾಗುವಷ್ಟು ದಿನಸಿ ಹೊತ್ತು ತಂದವರನ್ನು ಮುಂದೆ ಬಿಟ್ಟು, ಬರಿಗೈಯವರನ್ನು ಮನೆಗೆ ಅಟ್ಟುತ್ತಿದ್ದರಂತೆ. ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದ ಮಗಳು, ನಮ್ಮ ಕನ್ನಡ ಬಳಗದ ವಾರ್ಷಿಕೋತ್ಸವಕ್ಕೆ ಇದೇ ನಾಟಕ ಆಗಬೇಕೆಂದು ಹಠ ಹಿಡಿದಳು. ಪ್ರತಿ ವರ್ಷ ಅದೇ ಫ್ಯಾಷನ್ ಶೋ, ಅದೇ ಗುಂಪು ನೃತ್ಯ ನೋಡಿ ನನಗೂ ಸಾಕಾಗಿತ್ತು. ಕುಳಿತು ಬರೆದೆ.

ಹಿಮಕ್ಕೆ ಥರ್ಮಾಕೋಲ್ ಸಿಕ್ಕಿತು. ಬಿನ್ ಒಮ್ರಾನ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಯಾರಾದರೊಬ್ಬರು ಹೊಸ ಟಿವಿಯನ್ನೋ ಫ್ರಿಜ್ಜನ್ನೋ ತರುತ್ತಲೇ ಇರುತ್ತಾರೆ. ಉಣ್ಣೆ ಬಟ್ಟೆಗೆ ಏನು ಮಾಡುವುದೆಂದು ಬಳಗದ ಗ್ರೂಪಿನಲ್ಲಿ ಕೇಳಿದರೆ, ಎಲ್ಲರ ಹತ್ತಿರವೂ ಮಂಕಿ ಟೋಪಿ ಇದೆ ಎಂದು ಗೊತ್ತಾಯಿತು. ಮಗ ಮರುಭೂಮಿಗೆ ಹೊರಟರೂ ಪೆಟ್ಟಿಗೆಯ ಮೂಲೆಗೆ ಮಂಕಿ ಟೋಪಿ ತುರುಕದ ತಾಯಿ ನಮ್ಮಲ್ಲಿ ಇಲ್ಲ. ಹೀಗೆ ನಮ್ಮ ಚಿನ್ನ ಹುಡುಕುವವರೆಲ್ಲ ಮಂಕಿ ಟೋಪಿಯಲ್ಲಿ ಸಾಲುಗಟ್ಟಿ ನಿಂತರು. ಟೋಪಿ ಹಾಕಿಸಿಕೊಳ್ಳುವವರ ನಾಟಕಕ್ಕೆ ಇದಕ್ಕಿಂತ ಒಳ್ಳೆಯ ವೇಷ ಬೇಕೇ? ಮಗಳಿಗೆ ಸಾಮಾನು ಹೊರುವ ಹೇಸರಗತ್ತೆಯ ಪಾತ್ರ ಕೊಟ್ಟೆ. ಅದಕ್ಕೆ ಕನ್ನಡದ ಮಾತು ಇಲ್ಲವೆಂದು ತಿಳಿದು ಅವಳು ನನ್ನನ್ನು ಅಪ್ಪಿಕೊಂಡಳು.

ಪೊಲೀಸಿನವನ ಪಾತ್ರಕ್ಕೆ ಹೊರಗೆ ಹುಡುಕಬೇಕಾಗಲಿಲ್ಲ. ನನ್ನ ಗಂಡನ ಅಪ್ಪ ಉಡುಪಿ ಕಡೆಯ ಠಾಣೆಗಳಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದವರು. ವಿಸಿಟ್ ವೀಸಾದಲ್ಲಿ ನಮ್ಮಲ್ಲಿಗೆ ಬಂದಿದ್ದರು. ಇಲ್ಲಿಯ ವಾರದ ರಜೆಯಾದ ಶುಕ್ರವಾರ ಚರ್ಚಿನ ಪೂಜೆಗೆ ಹೋಗಿಬರುವುದು ಬಿಟ್ಟರೆ ಅವರಿಗೆ ಬೇರೆ ಕೆಲಸವಿರಲಿಲ್ಲ. ಬಾಲ್ಕನಿಯಲ್ಲಿ ನಿಂತು, "ಇಲ್ಲಿ ಒಬ್ಬನಾದ್ರೂ ಹಾರ್ನ್ ಹೊಡಿಯುದಿಲ್ಲ, ಗದರಿಸ್ಲಿಕ್ಕೆ ಜನವೇ ಇಲ್ಲ" ಎಂದು ಬೇಜಾರು ಮಾಡಿಕೊಳ್ಳುತ್ತಿದ್ದರು. ಕಣಿವೆಯ ಪೊಲೀಸರ ವಿಷಯ ಓದಿಸಿದಾಗ ಮಾವನ ಮುಖ ಅರಳಿತು. "ಮೋಸ ಆದ ಮೇಲೆ ಹಿಡಿಯುದು ಎಂತ ದೊಡ್ಡ ಕೆಲಸ? ಇವರು ಮೋಸ ಆಗುವ ಮೊದಲೇ ತಡ್ದಿದ್ದಾರೆ ನೋಡು" ಎಂದರು. ನಲವತ್ತು ವರ್ಷದ ನೌಕರಿಯಲ್ಲಿ ತಮಗೊಮ್ಮೆಯೂ ಅಂಥ ಅವಕಾಶ ಸಿಕ್ಕಿರಲಿಲ್ಲ ಎಂಬ ಕೊರಗು ಆ ಮಾತಿನಲ್ಲಿತ್ತು.

ಮೋಸಗಾರನ ಪಾತ್ರ ಯಾರಿಗೂ ಬೇಡವಾಗಿತ್ತು. ಕೊನೆಗೆ ಒಪ್ಪಿದವರು ಬಾದಾಮಿ ಕಡೆಯ ಒಬ್ಬರು. ಬಳಗದಲ್ಲಿ ಎಲ್ಲರೂ ಅವರನ್ನು ಬಾದಾಮಿಯಣ್ಣ ಎಂದೇ ಕರೆಯುತ್ತಿದ್ದೆವು. ಲುಸೈಲಿನಲ್ಲಿ ಏಳುತ್ತಿದ್ದ ಕಟ್ಟಡವೊಂದಕ್ಕೆ ಕಬ್ಬಿಣದ ಅಟ್ಟಣಿಗೆ ಕಟ್ಟುವ ಕೆಲಸ ಅವರದು. ಮೊದಲ ತಾಲೀಮಿಗೆ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ನಮ್ಮ ಮನೆಗೆ ಬಂದವರು, ಚಹಾ ಕುಡಿದು ಸಂಕೋಚದಿಂದ ಕೇಳಿದರು: "ಅಕ್ಕಾರ, ಆ ಪುಸ್ತಕದ ಕಪಾಟಿನ ಮುಂದ ನಿಂತು ಮನಿಗೆ ಒಂದ್ ವೀಡಿಯೊ ಕಾಲ್ ಮಾಡ್ಲೇನ್ರೀ?" ಮಾಡಿ ಎಂದೆ. ಕಪಾಟಿಗೆ ಬೆನ್ನು ಕೊಟ್ಟು, ಜೇಬಿಗೊಂದು ಪೆನ್ನು ಸಿಕ್ಕಿಸಿಕೊಂಡು, ಅವ್ವನ ಜೊತೆಗೂ ತಮ್ಮನ ಜೊತೆಗೂ ನಗುನಗುತ್ತ ಮಾತಾಡಿದರು. ಎಂಥ ಬಡಾಯಿಯ ಮನುಷ್ಯನಪ್ಪಾ ಎಂದು ನಾನು ಅಡುಗೆಮನೆಯಲ್ಲಿ ಮುಸಿಮುಸಿ ನಕ್ಕೆ. ಮುಂದಿನ ಶುಕ್ರವಾರವೂ ಕಪಾಟಿನ ಮುಂದೆಯೇ ನಿಂತರು.

ತಾಲೀಮಿನಲ್ಲಿ ಮಾತ್ರ ಅವರು ನನ್ನ ಮಾತನ್ನು ನನ್ನ ಮಾತಿನಂತೆ ಆಡಲಿಲ್ಲ. ಸುಳ್ಳು ನಕ್ಷೆ ಮಾರುವವನು ಹುಡುಗನೊಬ್ಬನಿಗೆ, "ಈ ನಕ್ಷೆ ನಿನ್ನ ಕೈಯಲ್ಲಿದ್ದರೆ ನೀನು ಚಿನ್ನದ ನಾಡನ್ನು ತಲುಪಿದಂತೆಯೇ" ಎನ್ನಬೇಕೆಂದು ಬರೆದಿದ್ದೆ. ಬಾದಾಮಿಯಣ್ಣ ನಕ್ಷೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ದೇವರ ಪ್ರಸಾದ ಕೊಡುವಂತೆ ಮುಂದೆ ಚಾಚಿ, ದನಿ ತಗ್ಗಿಸಿ ಹೇಳಿದರು: "ತಮ್ಮಾ, ನೀ ಮುಟ್ಟಿದಿ ಅಂತ ತಿಳಿ."

ಮಾವ ಕೈ ಎತ್ತಿ ತಡೆದರು. "ನಿಲ್ಲು ಮಾರಾಯ. ಮುಟ್ಟಿದ್ದು ಎಂತದ್ದನ್ನು? ಚಿನ್ನವನ್ನಾ?"

"ಅಲ್ರೀ ಸಾಹೇಬ್ರ. ಮುಟ್ಟೂದು ಅಂದ್ರ ನಮ್ಮ ಕಡೆ ಹೋಗಿ ತಲುಪೂದು. ಊರು ಮುಟ್ಟೂದು, ಮನಿ ಮುಟ್ಟೂದು."

ನಾವು ಕರಾವಳಿಯವರೆಲ್ಲ ನಕ್ಕೆವು. ನನಗೆ ಒಳಗೊಳಗೇ ಕಿರಿಕಿರಿ. ಬರೆದವಳು ನಾನು, ತಿದ್ದುವವರು ಇವರು! "ಬರೆದ ಹಾಗೇ ಹೇಳಿ" ಎಂದು ಸಿಡುಕಿದೆ. ಹೂಂ ಎಂದವರು ಮತ್ತೆ ಅದನ್ನೇ ಹೇಳಿದರು. ಎಷ್ಟು ಸಲ ಹೇಳಿಸಿದರೂ ಅದೇ ಮಾತು, ಅದೇ ಕಣ್ಣಿಗೊತ್ತಿಕೊಳ್ಳುವುದು. ಕೇಳಿದವರೆಲ್ಲ ನಕ್ಷೆಗೆ ಕೈ ಚಾಚುವಷ್ಟು ನಯ ಆ ದನಿಯಲ್ಲಿತ್ತು.

ಉಳಿದವರು ಹೋದ ಮೇಲೆ ಮಾವ ಅವರನ್ನು ಸೋಫಾದಲ್ಲಿ ಕೂರಿಸಿಕೊಂಡರು. "ಇದು ನಾಟಕದ ಮಾತಲ್ಲ. ಇಂಥದ್ದನ್ನು ನಾನು ಠಾಣೆಯಲ್ಲಿ ಕೇಳಿದ್ದೇನೆ. ಯಾರ ಹತ್ರ ಕಲ್ತದ್ದು, ಹೇಳು."

ಬಾದಾಮಿಯಣ್ಣ ಲೋಟ ತಿರುಗಿಸುತ್ತ ಹೇಳಿದರು. "ನನಗ ವೀಸಾ ಮಾಡಿಸಿದ ಕಾಕಾನ ಹತ್ರ ಸಾಹೇಬ್ರ. ನಮ್ಮ ಓಣಿಯಾಂವನ. ಪಾಸ್‌ಪೋರ್ಟ್ ಹಿಂಗ ಕಣ್ಣಿಗೆ ಒತ್ಕೊಂಡು, ನೀ ಮುಟ್ಟಿದಿ ಅಂತ ತಿಳಿ ಅಂದಾ. ಸ್ಟೋರ್‌ಕೀಪರ್ ಕೆಲಸ, ಎಸಿ ರೂಮು. ಇಲ್ಲಿ ಇಳಿದು ನೋಡಿದ್ರ ಕಂಪನಿ ಮಾಫಿ, ಕಂಪನೀನ ಇಲ್ಲ. ಬರೇ ಒಂದ್ ಬೋರ್ಡ್ ಇತ್ತು."

ಆ ವೀಸಾಕ್ಕಾಗಿ ಅವ್ವ ಕೈಯ ಪಾಟ್ಲಿ ಬಿಚ್ಚಿ ಕೊಟ್ಟಿದ್ದಳು. ಆ ಬಂಗಾರದ ಬಳೆಗಳು ಹೋದ ಕೈಯನ್ನು ನೆನೆದು, ಮೋಸ ಹೋದೆನೆಂದು ಹೇಳಲು ಇವರಿಗೆ ಬಾಯಿ ಬಂದಿರಲಿಲ್ಲ. ಸ್ಟೋರ್‌ಕೀಪರ್ ಆಗಿದ್ದೇನೆಂದು ಮೊದಲ ವಾರ ಹೇಳಿದ ಸುಳ್ಳನ್ನೇ ವರ್ಷಗಟ್ಟಲೆ ಸಾಕಿಕೊಂಡು ಬಂದಿದ್ದರು. ಮಾಲ್‌ಗಳಲ್ಲಿ, ದೋಹಾ ಅಲ್ ಜದೀದಾದ ಗೆಳೆಯನ ಅಂಗಡಿಯ ಕ್ಯಾಶ್ ಕೌಂಟರಿನಲ್ಲಿ, ಈಗ ನನ್ನ ಕಪಾಟಿನ ಮುಂದೆ ನಿಂತು ಆ ಸುಳ್ಳಿಗೆ ಮೇವು ಹಾಕುತ್ತಿದ್ದರು. ಅಡುಗೆಮನೆಯಲ್ಲಿ ನಕ್ಕದ್ದು ನೆನಪಾಗಿ ನನ್ನ ಮುಖಕ್ಕೆ ಯಾರೋ ಹೊಡೆದಂತಾಯಿತು.

ಅಷ್ಟೇ ಆಗಿದ್ದರೆ ಹಳೆಯ ಗಾಯ ಎನ್ನಬಹುದಿತ್ತು. ಈಗ ಅದೇ ಕಾಕಾ ತಮ್ಮನ ಬೆನ್ನು ಹತ್ತಿದ್ದ. ಅವ್ವನ ಮೈಮೇಲೆ ಉಳಿದಿದ್ದ ಬಂಗಾರವೆಂದರೆ ಕೊರಳಿನ ಬೋರಮಾಳ ಒಂದೇ. ವಾರ್ಷಿಕೋತ್ಸವ ಮುಗಿದ ಮೇಲಿನ ಸೋಮವಾರ ಅದು ಕಾಕಾನ ಕೈಗೆ ಹೋಗಲಿತ್ತು.

"ಈಗ್ಲೇ ಫೋನ್ ಮಾಡಿ ಹೇಳಿ!" ಎಂದು ನಾನು ಕೂಗಿಯೇ ಬಿಟ್ಟೆ.

"ಹೇಳೇನ್ರೀ ಅಕ್ಕಾರ, ಬ್ಯಾಡೋ ತಮ್ಮಾ ಅಂತ. ನೀ ಅಷ್ಟ ಆರಾಮ ಇರ್ಬೇಕು, ನಾ ಮ್ಯಾಲೆ ಬರಬಾರದೇನು ಅಂತಾನ. ಅವನದೇನ್ ತಪ್ಪು? ನಾ ಬೂಟು, ಪೆನ್ನು ತೋರಿಸಿ ಕುಣಿಸೇನಿ. ಈಗ ನನ್ನ ಮಾತ್ ನಂಬಾಂಗಿಲ್ಲ."

ನಿಜ ಹೇಳಿದರೆ ಅವ್ವನಿಗೆ ಪಾಟ್ಲಿಯ ದುಃಖ, ಹೇಳದಿದ್ದರೆ ಬೋರಮಾಳದ ಜೊತೆಗೆ ತಮ್ಮನೂ ಹೋಗುತ್ತಾನೆ. ಮಾವ ಕಾಕಾನ ಮೇಲೆ ದೂರು ಕೊಡುವ ಬಗೆ ವಿವರಿಸಿದರು. ಬಾದಾಮಿಯಣ್ಣ ತಲೆಯಾಡಿಸುತ್ತ ಕೇಳಿದರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ನನಗೆ ಹೇಳಿದ್ದು ಇಷ್ಟೇ: "ನಾಟಕ ಮೊಬೈಲ್‌ನ್ಯಾಗ ಲೈವ್ ಹೋಗ್ತೈತಲ್ರೀ? ಮನ್ಯಾಗ ಎಲ್ಲಾರೂ ನೋಡ್ತಾರ. ಆ ಮಾತು ಹಂಗ ಇರ್ಲಿ." ಇರಲಿ ಎಂದೆ. ನನ್ನ ಸಾಹಿತ್ಯದ ಜಂಬವನ್ನು ಆ ಹೊತ್ತಿಗೆ ಸುತ್ತಿ ಮೂಲೆಗಿಟ್ಟಾಗಿತ್ತು.

ಶುಕ್ರವಾರ ಸಂಜೆ ಬಾಡಿಗೆಯ ಸಭಾಂಗಣ ತುಂಬಿತ್ತು. ಪರದೆ ಎದ್ದಾಗ ಎಸಿ ಗಾಳಿಗೆ ಥರ್ಮಾಕೋಲ್ ಹಿಮ ಹಾರಿ ಮುಂದಿನ ಸಾಲಿನ ರೇಷ್ಮೆ ಸೀರೆಗಳಿಗೆಲ್ಲ ಅಂಟಿಕೊಂಡಿತು. ಹೇಸರಗತ್ತೆ ಪ್ರೇಕ್ಷಕರಿಗೆ ಕೈ ಬೀಸಿತು. ಬಾದಾಮಿಯಣ್ಣ ಮಂಕಿ ಟೋಪಿಯ ಮೇಲೆ ಹ್ಯಾಟು ಇಟ್ಟುಕೊಂಡು ಬಂದು, ಲೈವ್ ಹೋಗುತ್ತಿದ್ದ ಮೊಬೈಲಿನ ಎದುರಿಗೇ ನಿಂತರು. ನಕ್ಷೆಯನ್ನು ಕಣ್ಣಿಗೆ ಒತ್ತಿಕೊಂಡರು. "ತಮ್ಮಾ, ನೀ ಮುಟ್ಟಿದಿ ಅಂತ ತಿಳಿ." ಜನ ಚಪ್ಪಾಳೆ ತಟ್ಟಿ ನಕ್ಕರು. ನಾನು ಪರದೆಯ ಮರೆಯಿಂದ ಆ ಮೊಬೈಲನ್ನೇ ನೋಡುತ್ತಿದ್ದೆ.

ಆಮೇಲೆ ಕಣಿವೆಯ ದೃಶ್ಯ. ನಕ್ಷೆ ಕೊಂಡವರು ಸಾಲಿನಲ್ಲಿ ಬರುತ್ತಾರೆ, ಪೊಲೀಸ್ ಅವರನ್ನು ತಡೆದು "ವರ್ಷದ ಊಟ ಎಲ್ಲಿ?" ಎನ್ನಬೇಕು. ಮಾವ ಹಾಗೆಯೇ ಎಂದರು. ಸಾಲಿನ ಕೊನೆಯ ಹುಡುಗನ ಮುಂದೆ ಮಾತ್ರ ಸುಮ್ಮನೆ ನಿಂತುಬಿಟ್ಟರು. ಮಾತು ಮರೆತರೆಂದು ನಾನು ಮೆಲ್ಲಗೆ ಹೇಳಿಕೊಡಲು ಹೊರಟೆ. ಅವರಿಗೆ ಮಾತು ಮರೆತಿರಲಿಲ್ಲ. ಹುಡುಗನ ಹೆಗಲ ಮೇಲೆ ಕೈಯಿಟ್ಟು, ನಾನು ಬರೆಯದೇ ಇದ್ದದ್ದನ್ನು ಕೇಳಿದರು:

"ಇಲ್ಲಿವರೆಗೆ ಬರ್ಲಿಕ್ಕೆ ಯಾರ ಕುತ್ತಿಗೆಯ ಬಂಗಾರ ತೆಗ್ದೆ ಮಗಾ?"

ಒಂದಿಬ್ಬರು ನಕ್ಕರು. ಉಳಿದವರಿಗೆ ಅದು ನಾಟಕದ ಮಾತೆನಿಸಲಿಲ್ಲ. ಆಫೀಸರುಗಳಿದ್ದರು, ನರ್ಸುಗಳಿದ್ದರು, ಡ್ರೈವರುಗಳಿದ್ದರು. ನನ್ನನ್ನೂ ಸೇರಿಸಿ, ಯಾರದೋ ಬಳೆಯನ್ನೋ ಸರವನ್ನೋ ಮಾರದೆ ಬಂದವರು ಅಲ್ಲಿ ಬಹಳ ಮಂದಿ ಇರಲಿಲ್ಲ. ಮೊದಲ ಸಲ ವಿಮಾನ ಹತ್ತುವ ದಿನ ನನ್ನಮ್ಮ ಬೋಳು ಕೊರಳಿಗೆ ಸೆರಗು ಹೊದ್ದು ನಿಂತಿದ್ದಳು. ನನಗೆ ಅಳು ಬಂತು, ಅತ್ತುಬಿಟ್ಟೆ.

"ಮನೆಗೆ ಹೋಗು. ಚಿನ್ನ ಎಲ್ಲಿಗೂ ಓಡಿ ಹೋಗುದಿಲ್ಲ" ಎಂದು ಮಾವ ಹುಡುಗನನ್ನು ಹಿಂದೆ ತಿರುಗಿಸಿದರು.

ನಾಟಕ ಮುಗಿದು ನಾವು ವೇದಿಕೆಯ ಹಿಂದೆ ಥರ್ಮಾಕೋಲ್ ಗುಡಿಸುತ್ತಿದ್ದಾಗ ಬಾದಾಮಿಯಣ್ಣನ ಫೋನಿಗೆ ವೀಡಿಯೊ ಕಾಲ್ ಬಂತು. ತಮ್ಮ. ಅವರ ಕೈಯೆಲ್ಲ ಬಣ್ಣ ತೊಳೆಯುವ ಎಣ್ಣೆ. ಮಾವ ಫೋನ್ ತೆಗೆದು ಸ್ಪೀಕರಿಗೆ ಹಾಕಿ ಎದುರು ಹಿಡಿದರು. ಪೆನ್ನು ಇರಲಿಲ್ಲ, ಕಪಾಟು ಇರಲಿಲ್ಲ. ಹಿಂದೆ ಹರಿದ ಹಿಮ, ಮುಖದಲ್ಲಿ ಅರ್ಧ ಮೀಸೆ.

"ಅಣ್ಣಾ, ಅದು ಕಾಕಾನ ಮಾತ ಅಲ್ಲೇನು?" ಎಂದಿತು ಹುಡುಗನ ದನಿ. "ನಿನ್ನೆ ನನ್ನ ಪಾಸ್‌ಪೋರ್ಟ್ ಹಂಗ ಕಣ್ಣಿಗೆ ಒತ್ಕೊಂಡಾ. ಅದ ಮಾತ ಅಂದಾ."

"ಹೂಂ," ಎಂದರು ಬಾದಾಮಿಯಣ್ಣ.

ಆ ಕಡೆ ಯಾರೋ ಪಾತ್ರೆ ಇಟ್ಟ ಸದ್ದು ಕೇಳಿಸಿತು. ಆಮೇಲೆ ತಮ್ಮ ತೀರ ಸಣ್ಣ ದನಿಯಲ್ಲಿ ಕೇಳಿದ:

"ಅಣ್ಣಾ... ಹಂಗಾರ ನೀ ಇನ್ನೂ ಮುಟ್ಟಿಲ್ಲೇನು?"

ಈ ಸಲ ನಮಗೆ ಯಾರಿಗೂ ಆ ಮಾತಿನ ಅರ್ಥ ಕೇಳಬೇಕಾಗಲಿಲ್ಲ. ಬಾದಾಮಿಯಣ್ಣ ಎಣ್ಣೆಗೈಯಲ್ಲೇ ಕಣ್ಣು ಒರೆಸಿಕೊಂಡು ಎದ್ದು ನಿಂತರು.

"ಇಲ್ಲೋ ತಮ್ಮಾ, ಮುಟ್ಟಿಲ್ಲ. ನೀ ಫೋನ್ ಅವ್ವನ ಕಡೆ ತಿರುಗಿಸು. ಬೋರಮಾಳ ಕೊರಳಾಗ ಐತಿಲ್ಲೋ, ನೋಡ್ತೀನಿ."