ಎಡಸುತ್ತಿನ ಕೃಷ್ಣವೇಣಿ

ಕಂಪ್ಯೂಟರಿಗೆ ದೇವರು ದಿಂಡರು ಒಂದೂ ಇಲ್ಲ. ಊರಿನ ಗಡಿಯನ್ನು ಎಡಸುತ್ತಾಗಿ, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ, ಬರೆದರೆ ಮಾತ್ರ ಅದಕ್ಕೆ ಊರು. ಬಲಸುತ್ತಾಗಿ ಬರೆದಿರೋ, ವಿಸ್ತೀರ್ಣಕ್ಕೆ ಮೈನಸ್ ಹಾಕಿ ಇಡೀ ಊರನ್ನೇ ತೂತು ಅಂದುಬಿಡುತ್ತದೆ. ಊರೊಳಗಿನ ಕೆರೆಗಷ್ಟೇ ಬಲಸುತ್ತು, ಅದನ್ನು ನೆಲದಿಂದ ಕಳೆಯಬೇಕಲ್ಲ. ೧೯೮೬ರಲ್ಲಿ ಹೆಬ್ಬಾಳದ ನಕ್ಷೆ ಕಚೇರಿಯೊಂದಕ್ಕೆ ತಾತ್ಕಾಲಿಕವಾಗಿ ಸೇರಿದ ಕೃಷ್ಣವೇಣಿಗೆ ಮೊದಲ ದಿನವೇ ಇದನ್ನು ಹೇಳಿಕೊಟ್ಟರು. ದೊಡ್ಡ ಮೇಜಿಗೆ ನಕ್ಷೆ ಅಂಟಿಸಿ, ಅಂಗೈಯಗಲದ ಯಂತ್ರವನ್ನು ಗೆರೆಯ ಮೇಲೆ ಸರಿಸುತ್ತಾ, ತಿರುವು ಬಂದಲ್ಲೆಲ್ಲ ಗುಂಡಿ ಒತ್ತುವುದು ಅವಳ ಕೆಲಸ.

ಹೇಳಿದ್ದು ತಲೆಗೆ ಹೋಯಿತು, ಕೈಗೆ ಹೋಗಲಿಲ್ಲ. ಹುಟ್ಟಿದಾಗಿನಿಂದ ತುಳಸಿಕಟ್ಟೆಯನ್ನೂ ಗರ್ಭಗುಡಿಯನ್ನೂ ಬಲಕ್ಕೆ ಸುತ್ತಿದವಳ ಕೈ, ಎಡಕ್ಕೆ ಹೋಗು ಎಂದರೆ ಹೋಗುತ್ತದೆಯೇ? ಅಬ್ಬಿಗೆರೆಯ ನಕ್ಷೆ ಮತ್ತೆ ಮತ್ತೆ ವಾಪಸು ಬಂತು. ಹೀಗಾದರೆ ಕೆಲಸ ಖಾಯಂ ಆಗುವುದಿಲ್ಲ ಎಂದು ಅಧಿಕಾರಿ ಗದರಿದರು. ಅವಳಿಗೋ ಆ ಕೆಲಸ ಬೇಕೇ ಬೇಕಿತ್ತು. ಯಲಹಂಕದ ಮನೆಯಲ್ಲಿ ನಿಂತರೂ ಕೂತರೂ ಅತ್ತೆ ಅಲಮೇಲಮ್ಮನ ಕಣ್ಣು. ಅವಳು ನಿರಾಳವಾಗಿ ಉಸಿರಾಡುತ್ತಿದ್ದದ್ದು ಬಸ್ಸಿನಲ್ಲಿ, ಆಮೇಲೆ ಆ ಮೇಜಿನ ಮುಂದೆ.

ಪಕ್ಕದ ಮೇಜಿನ ತಾಹೆರಾ ಉಪಾಯ ಹೇಳಿದಳು. "ನಮ್ಮೋರು ಮಕ್ಕಾದಲ್ಲಿ ಎಡಕ್ಕೇ ಸುತ್ತೋದು ಕಣ್ರೀ. ಊಟದ ಹೊತ್ತಲ್ಲಿ ಈ ಮೇಜನ್ನ ಹಾಗೇ ಸುತ್ತಿ. ಕಾಲು ಕಲಿತ್ರೆ ಕೈ ತಾನಾಗೇ ಕಲಿಯುತ್ತೆ."

ಕಲಿಯಿತು. ಅಬ್ಬಿಗೆರೆ ಪಾಸಾಯಿತು. ತಿಂಗಳ ಕೊನೆಗೆ ಖಾಯಂ ಮಾಡುತ್ತೇನೆಂದು ಅಧಿಕಾರಿ ಬಾಯಿಬಿಟ್ಟು ಹೇಳಿದರು.

ಅದೇ ಹೊತ್ತಿಗೆ ಗಂಡ ಸೇತುರಾಮನಿಗೆ ಕಾಮಾಲೆ ಬರಬೇಕೇ! ದಿನಾ ಬೆಳಿಗ್ಗೆ ಅತ್ತೆಯ ಜೊತೆ ಅಶ್ವತ್ಥಕಟ್ಟೆ ಸುತ್ತುವ ಹರಕೆ ಶುರುವಾಯಿತು. ಒಂದು ದಿನ ನಕ್ಷೆಯ ಯೋಚನೆಯಲ್ಲೇ ಇದ್ದವಳ ಕಾಲು ಸೀದಾ ಎಡಕ್ಕೆ ತಿರುಗಿತು.

"ಗಂಡ ಹಾಸಿಗೆ ಹಿಡಿದಿದಾನೆ, ನೀನು ಹೆಣ ಸುತ್ತೋ ಹಾಗೆ ಸುತ್ತುತಿದೀಯಲ್ಲೇ!" ಎಂದು ಅಲಮೇಲಮ್ಮ ಕೂಗಿದಾಗ ಕಟ್ಟೆಯ ಹೆಂಗಸರೆಲ್ಲ ತಿರುಗಿ ನೋಡಿದರು. ಕೃಷ್ಣವೇಣಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಾಬರಿಯಲ್ಲಿ ಆಫೀಸಿನ ಅಭ್ಯಾಸವನ್ನೆಲ್ಲ ಹೇಳಿಬಿಟ್ಟಳು. ಹೇಳಬಾರದಿತ್ತು.

"ಎಡಕ್ಕೆ ಸುತ್ತಿಸೋ ಆಫೀಸು ಈ ಮನೆಗೆ ಬೇಡ," ಎಂದರು ಅತ್ತೆ. ಸೇತುರಾಮ ಗೋಡೆಯ ಕಡೆ ಹೊರಳಿ, "ಅಮ್ಮ ಹೇಳಿದ ಹಾಗೆ ಮಾಡು," ಎಂದ. ಮರುದಿನ ಅವಳು ರಾಜೀನಾಮೆ ಕೊಟ್ಟು ಬಂದಳು.

ಕಾಮಾಲೆ ಇಳಿದದ್ದು ನೆಲನೆಲ್ಲಿಯಿಂದಲೋ ಪಥ್ಯದಿಂದಲೋ ದೇವರಿಗೇ ಗೊತ್ತು. ಅಲಮೇಲಮ್ಮ ಮಾತ್ರ ಅದರ ಕೀರ್ತಿಯನ್ನೆಲ್ಲ ಆ ರಾಜೀನಾಮೆಗೇ ಕಟ್ಟಿದರು.

ಕೆಲವು ವಾರಗಳ ಮೇಲೆ ತಾಹೆರಾ ಮನೆಗೆ ಬಂದಳು. ಮಾತಿನ ನಡುವೆ, "ಹೊಸ ಪ್ರೋಗ್ರಾಂ ಬಂದಿದೆ ಕಣ್ರೀ. ಈಗ ಯಾವ ಕಡೆಯಿಂದ ಬರೆದ್ರೂ ಅದೇ ಸರಿಯಾಗಿ ತಿರುಗಿಸ್ಕೊಳ್ಳುತ್ತೆ," ಎಂದಳು.

ಕಾಫಿ ತಂದ ಅಲಮೇಲಮ್ಮನ ಮುಖ ಅರಳಿತು. "ಹಾಗಾದ್ರೆ ಇನ್ನೇನು, ನಾಳೆಯಿಂದ್ಲೇ ಹೋಗ್ಲಿ. ಕೆಲಸ ಬೇಡ ಅಂತ ನಾನೆಲ್ಲಿ ಅಂದೆ? ಎಡಕ್ಕೆ ಸುತ್ತೋದು ಬೇಡ ಅಂದೆ, ಅಷ್ಟೇ."

ಕೃಷ್ಣವೇಣಿ ಎದ್ದೇ ನಿಂತಳು. ತಾಹೆರಾ ತಲೆ ತಗ್ಗಿಸಿದಳು. "ಸೋಮವಾರ ಬೇರೆಯೋರು ಸೇರ್ಕೊಂಡ್ರು. ಖಾಯಂ ಮಾಡಿದಾರೆ."

"ಋಣ ಇರ್ಲಿಲ್ಲ ಬಿಡು," ಎಂದ ಅಲಮೇಲಮ್ಮ ನಿಜವಾಗಿಯೂ ಮರುಗಿದರು. ಆಮೇಲೆ ಒಳಗೆ ಹೋಗಿ, "ಕೃಷ್ಣವೇಣೀ, ಹುಳಿಗೆ ತರಕಾರಿ ಹೆಚ್ಚು ಬಾ," ಎಂದು ಕರೆದರು.

ಗಂಟಲಿನವರೆಗೆ ಬಂದ ಸಿಟ್ಟನ್ನು ಎಸೆಯಲು ಅವಳಿಗೆ ಒಬ್ಬ ಶತ್ರುವೂ ಸಿಗಲಿಲ್ಲ. "ಬಂದೆ ಅತ್ತೆ," ಎಂದಳು.