ಈಜಿ ದಾಟುವಷ್ಟು ನೀರು

ನನ್ನ ಸೋದರತ್ತೆ ಬೇಗೂರಿನ ತೋಟದ ಬಾವಿಯಲ್ಲಿ ಈಜು ಕಲಿತವರು. ಮಂಡಿನೋವಿಗೆ ಡಾಕ್ಟರು ಈಜಿ ಎಂದದ್ದೇ ತಡ, ಐವತ್ತೆಂಟನೆಯ ವಯಸ್ಸಿನಲ್ಲಿ ಜಯನಗರದ ಈಜುಕೊಳದ ಹೆಂಗಸರ ಬ್ಯಾಚಿಗೆ ಸೇರಿಬಿಟ್ಟರು. ನನ್ನನ್ನೂ ಎಳೆದುಕೊಂಡು ಹೋದರು. ತೊಂಬತ್ತರ ದಶಕದ ಕೊನೆ. ನಾನಾಗ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರು.

ಕೊಳದ ನಡುವೆ ಒಂದು ಹಗ್ಗ, ಅದರಾಚೆ ಆಳ. ಅಲ್ಲಿಗೆ ಹೋಗಲು ಕೋಚ್ ಹುಡುಗಿ ಒಪ್ಪಬೇಕು. ಅತ್ತೆಗೋ ಈಚೆ ಬದಿ ಒಂದು ದಿನವೂ ಹಿಡಿಸಲಿಲ್ಲ.

“ಕಾಲು ನೆಲಕ್ಕೆ ತಗಲಿದ್ರೆ ಅದು ಸ್ನಾನ ಕಣೇ. ಅದಕ್ಕೆ ಮನೇಲೇ ಬಚ್ಚಲಿದೆ!”

ಕೋಚ್ ಜಗ್ಗಲಿಲ್ಲ. “ಮುಖ ನೀರೊಳಗೆ ಹಾಕಿ ಆಂಟಿ. ತಲೆ ಎತ್ಕೊಂಡು ಹೋಗೋದೆಲ್ಲ ಸ್ವಿಮ್ಮಿಂಗ್ ಅಲ್ಲ.”

ಮನೆಗೆ ಬಂದವರೇ ಅತ್ತೆ ನನ್ನನ್ನು ಹಿಡಿದರು. “ಆ ಸ್ವಿಮ್ ಅನ್ನೋದಕ್ಕೆ ಅರ್ಥ ಏನು, ಎಲ್ಲಿಂದ ಬಂತು, ನೋಡ್ಕೊಂಡು ಬಾ. ಮುಖ ಮುಳುಗಿಸ್ಬೇಕು ಅಂತಿದ್ರೆ ಮುಳುಗಿಸ್ತೀನಿ.”

ಶಾಲೆಯ ಲೈಬ್ರರಿಯ ದಪ್ಪ ನಿಘಂಟುಗಳನ್ನು ತೆರೆದು ಕೂತೆ. ಬಹಳ ಹಳೆಯ ಪದ. ಜರ್ಮನ್, ಡಚ್ ಭಾಷೆಗಳಲ್ಲಿ ಅದರ ಒಡಹುಟ್ಟುಗಳಿವೆ. ಸುಮ್ಮನೆ ತೇಲುವುದಕ್ಕೂ ಅದೇ ಪದ, ತಲೆ ಗಿರ್ರೆನ್ನುವುದಕ್ಕೂ ಅದೇ. ಅದೇ ಬೇರಿನಿಂದ ಹುಟ್ಟಿದ, ಈಗ ಜಲಸಂಧಿಗೆ ಹೇಳುವ ‘ಸೌಂಡ್’ ಎಂಬ ಇನ್ನೊಂದು ಪದಕ್ಕೆ ಒಂದು ಕಾಲದಲ್ಲಿ ಈಜು ಎಂದೂ, ಈಜಿ ದಾಟಬಹುದಾದಷ್ಟು ನೀರು ಎಂದೂ ಅರ್ಥವಿತ್ತಂತೆ. ಮುಖದ ಸುದ್ದಿ ಎಲ್ಲಿಯೂ ಇರಲಿಲ್ಲ.

ಮರುದಿನ ಬೆಳಗ್ಗೆ ರಬ್ಬರ್ ಟೋಪಿ ಹಾಕಿಕೊಂಡು, ಕೊಳದ ದಂಡೆಯಲ್ಲಿ ನಿಂತು, ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ ಇಷ್ಟನ್ನೂ ಗಟ್ಟಿಯಾಗಿ ಓದಿದೆ.

“ಕೇಳಿಸ್ತೇನಮ್ಮ? ದಾಟಿದ್ರೆ ಆಯ್ತಂತೆ!” ಎಂದರು ಅತ್ತೆ.

ಕೋಚ್ ನಕ್ಕುಬಿಟ್ಟಳು. “ಸರಿ, ದಾಟಿ ಮತ್ತೆ. ಆಳದಲ್ಲಿ ಈ ಗೋಡೆಯಿಂದ ಆ ಗೋಡೆಗೆ ಹೋಗಿ, ಎಲ್ಲೂ ಹಿಡ್ಕೊಳ್ದೆ ವಾಪಸ್ ಬನ್ನಿ. ಆಗ್ಲಿಲ್ಲಾಂದ್ರೆ ಈ ಕಡೇನೇ ಇರ್ಬೇಕು.”

ಉದ್ದ ಬಿದಿರು ಕೋಲು ಹಿಡಿದು ಅವಳೂ ದಂಡೆಯ ಮೇಲೆ ನಿಂತಳು. ಅತ್ತೆ ಹೊರಟರು. ಕತ್ತು ನೆಟ್ಟಗೆ, ಕೈಗಳು ಮೊಸರು ಕಡೆದಂತೆ ನಿಧಾನ. ಆ ಗೋಡೆಯ ಬಳಿ ತಿರುಗಿದರು. ವಾಪಸಾಗುವಾಗ ನಡುನೀರಿನಲ್ಲಿದ್ದರು, ಕಾಲೇಜು ಹುಡುಗಿಯೊಬ್ಬಳು ಹಿಂದುಮುಂದು ನೋಡದೆ ದಂಡೆಯಿಂದ ಅವರ ದಾರಿಗೇ ಹಾರಿದಳು. ನಾವೆಲ್ಲ ಚೀರಿದೆವು. ಅಷ್ಟರಲ್ಲಿ ಅತ್ತೆ ಎರಡು ಕೈ ಬೀಸಿ ಪಕ್ಕಕ್ಕೆ ಸರಿದಾಗಿತ್ತು.

“ನೋಡ್ಕೊಂಡು ಹಾರೇ ತಾಯಿ,” ಎಂದು ಅವಳಿಗೆ ಬುದ್ಧಿ ಹೇಳುತ್ತಲೇ ಬಂದು ಗೋಡೆ ಮುಟ್ಟಿದರು.

ಕೋಚ್ ಬಗ್ಗಿ ಕೇಳಿದಳು. “ಅವಳು ಹಾರಿದ್ದನ್ನ ಅಷ್ಟು ಬೇಗ ಹೇಗೆ ನೋಡಿದ್ರಿ ಆಂಟಿ?”

“ನಮ್ ಬಾವೀಲಿ ಮೇಲಿಂದ ಹತ್ತು ಹುಡುಗ್ರು ದಬದಬ ಹಾರೋರು. ಮುಖ ಮುಳುಗಿಸ್ಕೊಂಡಿದ್ದಿದ್ರೆ ನಾನು ಯಾವತ್ತೋ ಹೋಗಿರ್ತಿದ್ದೆ ಕಣಮ್ಮ.”

ದಂಡೆಯುದ್ದಕ್ಕೂ ಚಪ್ಪಾಳೆ. ಕೋಚ್ ಕೋಲನ್ನು ಕೆಳಗಿಟ್ಟು ಸೀಟಿ ಊದಿದಳು. “ಎಲ್ರೂ ಇಲ್ಲಿ ಬನ್ನಿ. ತಲೆ ಎತ್ಕೊಂಡು ಈಜೋದು ಹೇಗೆ ಅಂತ ಇವತ್ತು ಆಂಟಿ ಹೇಳ್ಕೊಡ್ತಾರೆ.”

ಹೇಳಿಕೊಡಬೇಕಾದವರು ಆಗಲೇ ಗೋಡೆ ಬಿಟ್ಟು ಮತ್ತೆ ನಡುನೀರಿಗೆ ಹೊರಟಿದ್ದರು.