ಬದನೆ ಗಿಡದ ತೂಕ

ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಗುಜರಿ ಅಂಗಡಿಯ ಅಕ್ಕ, ತೂಗಿ ನೋಡದೆ ಯಾವ ಮಾತನ್ನೂ ಒಪ್ಪುತ್ತಿರಲಿಲ್ಲ. ಅಂಗಡಿಗೆ ಬಂದ ಹಳೆಯ ಪೇಂಟ್ ಬಕೆಟ್ಟುಗಳಿಗೆ ಮಣ್ಣು ತುಂಬಿ, ತಾರಸಿಯ ಮೇಲೆ ಬದನೆ, ಟೊಮೆಟೊ ಬೆಳೆಸಿದ್ದಳು. ನಮ್ಮ ತಾರಸಿಯಿಂದ ಎಲ್ಲವೂ ಕಾಣುತ್ತಿತ್ತು, ಕೇಳುತ್ತಿತ್ತು.

ಒಂದು ಬೇಸಿಗೆಯಲ್ಲಿ, ಕೆಳಗಡೆಯೇ ವಾಸವಿದ್ದ ಆ ಮನೆಯ ಮಾಲೀಕರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

"ಸಂಜೆಯಾದ್ರೆ ಟ್ಯಾಂಕ್ ಖಾಲಿ ಕಣಮ್ಮ! ನಿನ್ನೆ ಮೈಗೆಲ್ಲ ಸೋಪು ಹಚ್ಕೊಂಡು ಕಂಬದ ಹಾಗೆ ನಿಂತಿದ್ದೆ. ಭಾನುವಾರದೊಳಗೆ ಈ ಕಾಡೆಲ್ಲ ಕೆಳಗಿಳಿಸು."

"ಗಿಡ ಎಷ್ಟು ಕುಡಿಯುತ್ತೆ ಅಂತ ತೂಗಿ ತೋರಿಸ್ತೀನಿ ಸಾರ್. ಜಾಸ್ತಿ ಇದ್ರೆ ನಾನೇ ಇಳಿಸ್ತೀನಿ."

"ಕುಡಿದ ನೀರನ್ನ ತೂಗ್ತಾಳಂತೆ! ತೂಗು, ನೋಡೋಣ."

ಅಕ್ಕ ಹಿಡಿದ ಪಟ್ಟು ಬಿಡುವವಳಲ್ಲ. ಅಂಗಡಿಯ ಕೊಕ್ಕೆ ತಕ್ಕಡಿಯನ್ನು ತಂದು ಕಬ್ಬಿಣದ ಕಂಬಿಗೆ ನೇತುಹಾಕಿದಳು. ಬೆಳಿಗ್ಗೆ ನೀರು ಹಾಕಿ, ತಳದ ತೂತಿನಿಂದ ಸೋರುವುದು ನಿಂತ ಮೇಲೆ ಒಂದೊಂದೇ ಬಕೆಟ್ಟನ್ನು ತೂಗಿದಳು. ಸಂಜೆ ಅಂಗಡಿ ಮುಚ್ಚಿ ಬಂದು ಮತ್ತೆ ತೂಗಿದಳು. ಇಳಿದ ತೂಕವೆಷ್ಟೋ ಅಷ್ಟು ನೀರು ಖರ್ಚಾಗಿದೆ ಎಂದು ಅವಳ ಲೆಕ್ಕ.

ಟೊಮೆಟೊ ತೂಕ ಇಳಿದಿತ್ತು. ಬದನೆ ಮಾತ್ರ ಬೆಳಗಿನಷ್ಟೇ ಇತ್ತು. ಅದರ ಸುತ್ತ ನೆಲವೆಲ್ಲ ಒದ್ದೆ.

"ಅತ್ತೇ, ಇವತ್ತು ಬದನೆ ಗಿಡ ಉಪವಾಸವಾ?"

ತಾರಸಿಯ ಬಾಗಿಲಲ್ಲಿ ಕೂತಿದ್ದ ಅವಳ ಅತ್ತೆ ಸೆರಗು ಸರಿಮಾಡಿಕೊಂಡರು. "ಮಧ್ಯಾಹ್ನ ಎಲೆಯೆಲ್ಲ ಜೋತು ಬಿದ್ದಿತ್ತು ಕಣೇ. ಪಾಪ ಅಂತ ಪೈಪು ಬಿಟ್ಟೆ. ದಿನಾ ಬಿಡ್ತೀನಲ್ಲ!"

"ಎಷ್ಟು ಹೊತ್ತು ಬಿಡ್ತೀರಿ?"

"ನಂದೊಂದು ನಿದ್ದೆ ಆಗೋವರೆಗೆ."

ಅಕ್ಕ ಹಣೆ ಚಚ್ಚಿಕೊಂಡಳು, ಬೈಯಲಿಲ್ಲ. ಮರುದಿನ ಅಂಗಡಿ ತೆರೆಯದೆ ಅತ್ತೆಯನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ಬಿಸಿಲೇರಿದಂತೆ ಎಲೆಗಳು ಜೋತವು. ಅತ್ತೆಯ ಕೈ ಪೈಪಿನತ್ತ ಹೋಯಿತು. "ಸ್ವಲ್ಪ ತಡೀರಿ ಅತ್ತೆ." ಬಿಸಿಲು ಇಳಿಯಿತು. ಒಂದು ತೊಟ್ಟು ನೀರಿಲ್ಲದೆಯೇ ಎಲೆಗಳು ತಾವಾಗಿ ತಲೆಯೆತ್ತಿದವು. ತೂಗಿದರೆ, ಇಡೀ ದಿನಕ್ಕೆ ಖರ್ಚಾದದ್ದು ಒಂದು ಲೀಟರಿಗೂ ಕಡಿಮೆ! ಅಂದಿನಿಂದ ಅಕ್ಕ ಪೈಪು ಸುತ್ತಿಟ್ಟು, ಬಕೆಟ್ಟಿಗೊಂದು ಲೀಟರಿನಂತೆ ಅಳೆದೇ ಹಾಕಿದಳು.

ಭಾನುವಾರ ಮಧ್ಯಾಹ್ನ ಮಾಲೀಕರು ಬಂದು ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದರು. ನೀರು ತುಂಬಿತ್ತು. "ನಾಲ್ಕು ದಿನದಿಂದ ಸ್ನಾನಕ್ಕೆ ತೊಂದರೆಯಿಲ್ಲ. ಗಿಡ ಇರಲಿ ಬಿಡಮ್ಮ" ಎಂದು ತಿರುಗಿದವರು, ಬಿಸಿಲಲ್ಲಿ ಜೋತಿದ್ದ ಬದನೆಯನ್ನು ಕಂಡು ಅಲ್ಲೇ ಇದ್ದ ಚೊಂಬಿಗೆ ಕೈ ಹಾಕಿದರು. "ಅಯ್ಯೋ, ಬಾಡಿ ಹೋಗಿದೆಯಲ್ಲ, ಪಾಪ..."

ಅತ್ತೆ ಎದ್ದುಬಂದು ಚೊಂಬು ಕಿತ್ತುಕೊಂಡರು.

"ಮುಟ್ಟಬೇಡಪ್ಪ. ಸಂಜೆಗೆ ತಾನೇ ಏಳುತ್ತೆ. ನಂಬಿಕೆಯಿಲ್ಲದಿದ್ರೆ ಬಾ, ಕೂತ್ಕೊಂಡು ನೋಡು."